ಮಂಗಳೂರು ಹಂಚು ಕೊಳ್ಳಲು ಮಂಗಳೂರಿಗೇ ಹೋದೆ

ಮೊದಲು ಕೆಂಪು ನೀರಿನ ಕಥೆ. ಹೋದ ವರ್ಷ ಜೂನ್ ಮೊದಲ ವಾರ, ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅವ್ವ ಹಿತ್ತಲ ಕಡೆಯ ಪಡಸಾಲೆಯಲ್ಲಿ ಶಾವಿಗೆ ಹರವಿದ್ದಳು. ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಶಾವಿಗೆ ಮೇಲೆಲ್ಲ ಕುಂಕುಮ ಕಲಸಿ ಚಿಮುಕಿಸಿದ ಹಾಗೆ ಕೆಂಪು ಹನಿ. "ಮನಿ ರಕ್ತ ಕಾರಾಕತ್ತೈತೇನೋ" ಅಂದಳು ಅವ್ವ. ಎರಡು ತಿಂಗಳ ಹಿಂದಷ್ಟೇ ಹುಬ್ಬಳ್ಳಿಯ ಒಂದು ಅಂಗಡಿಯಿಂದ ತಂದು ಹಾಕಿಸಿದ್ದ 300 "ಅಸಲಿ ಮಂಗಳೂರು ಹಂಚು" ಬಣ್ಣ ಬಿಡುತ್ತಿತ್ತು. ಮಣ್ಣು ಸುಟ್ಟು ಬಂದ ಕೆಂಪಾಗಿದ್ದರೆ ಹೋಗುತ್ತಿರಲಿಲ್ಲ, ಇದು ಬ್ರಷ್ಷಿನಿಂದ ಬಂದ ಕೆಂಪು. ಅಂಗಡಿಯವರ ಹೆಸರು ಹೇಳುವುದಿಲ್ಲ. ಹೋಗಿ ಕೇಳಿದ್ದಕ್ಕೆ "ಎರಡು ಮಳಿ ಹೋದ್ರ ನಿಲ್ತೈತ್ರೀ" ಅಂದರು. ನಿಂತಿತು, ನಿಜ. ಬಳಿದದ್ದೆಲ್ಲ ತೊಳೆದು ಹೋದ ಮೇಲೆ.

ಅದಕ್ಕೇ ಈ ವರ್ಷ ಜನವರಿಯಲ್ಲಿ ನಾನೇ ಮಂಗಳೂರಿಗೆ ಹೋಗಿ ಹಳೇ ಹಂಚು ಕೊಂಡು ತಂದೆ. ಒಂದು ಪೂರ್ತಿ ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಕಾಯುತ್ತಿದ್ದೆ. ಹಳೇ ಮನೆ ಇಟ್ಟುಕೊಂಡು ನನ್ನ ಹಾಗೆ ಒದ್ದಾಡುತ್ತಿರುವವರು ಧಾರವಾಡದಲ್ಲಿ ಇನ್ನೂ ಇದ್ದಾರೆ, ಅವರಿಗೆ ಉಪಯೋಗ ಆಗಬಹುದು.

ನನ್ನ ಬಗ್ಗೆ ಎರಡು ಮಾತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿ ವಿಭಾಗದಲ್ಲಿ ಕೆಲಸ. ಮನೆ ಅಜ್ಜ 1938ರಲ್ಲಿ ಕಟ್ಟಿಸಿದ್ದು. ನನ್ನ ಹೆಂಡತಿಯ ತವರು ಗದಗದ ಕಡೆ. ಅಲ್ಲಿ ಮೇಲ್ಮುದ್ದೆ ಮನೆ, ಮಣ್ಣಿನ ಮಾಳಿಗೆ, ಮೇಲೆ ಮಂಚ ಹಾಕಿ ಮಲಗಬಹುದು. ಧಾರವಾಡದಲ್ಲಿ ಆ ಆಟ ನಡೆಯುವುದಿಲ್ಲ, ಮಲೆನಾಡಿನ ಸೆರಗಿನ ಮಳೆ ಇದು. ಇಳಿಜಾರು ಬೇಕು, ಹಂಚು ಬೇಕು. ಹಂಚು ಇದ್ದ ಮೇಲೆ ಮಂಗ್ಯಾಗಳು ಬೇಕೇ ಬೇಕು ಅಂತ ದೇವರು ಬರೆದಿರಬೇಕು. ವರ್ಷಕ್ಕೆ ಮೂವತ್ತು ನಲವತ್ತು ಹಂಚು ಅವುಗಳ ಲೆಕ್ಕಕ್ಕೆ. ಹೀಗೆ ಒಡೆಯುತ್ತ ಒಡೆಯುತ್ತ ಹಿಂದಿನ ಮಾಡು ಪೂರ್ತಿ ಬದಲಿಸುವ ಸ್ಥಿತಿಗೆ ಬಂತು.

ನಮ್ಮ ಹಳೇ ಹಂಚನ್ನು ತಿರುಗಿಸಿ ನೋಡಿದರೆ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಅಂತ ಅಚ್ಚು, ಜೊತೆಗೆ 1865. ಬಾಸೆಲ್ ಮಿಷನ್ ಅಂದರೆ ಕ್ರೈಸ್ತ ಪಾದ್ರಿಗಳ ಸಂಸ್ಥೆ. ಚಿಕ್ಕಂದಿನಿಂದ ನಾವು ಇದನ್ನು ಓಣಿಯ ಹುಡುಗರಿಗೆಲ್ಲ ತೋರಿಸಿ ಮೆರೆದಿದ್ದೇವೆ. ನಮ್ಮ ಹಂಚಿಗೆ ನೂರೈವತ್ತು ವರ್ಷ ಅಂತ.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದೆ. ಯಲ್ಲಾಪುರ, ಅರಬೈಲ್ ಘಾಟು, ಅಂಕೋಲಾ, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಕುಮಟಾ, ಹೊನ್ನಾವರ, ಭಟ್ಕಳ, ಉಡುಪಿ. ರೈಲ್ವೆಯವನಾಗಿ ಬಸ್ಸಿನಲ್ಲಿ ಹೋಗಬೇಕಾದದ್ದಕ್ಕೆ ನಾಚಿಕೆ ಪಡಬೇಕೋ ನಗಬೇಕೋ ಗೊತ್ತಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಕೇಳುತ್ತಿದ್ದೇನೆ, ನಿವೃತ್ತಿ ಆದ ಮೇಲೂ ಕೇಳುತ್ತೇನೆ ಅನಿಸುತ್ತದೆ. ಕುಮಟಾದಲ್ಲಿ ಬಸ್ಸು ನಿಂತಾಗ ಎಚ್ಚರವಾಯಿತು. ಹಿಂದೆ ನಮ್ಮ ಕಡೆಯ ಹತ್ತಿ ಚಕ್ಕಡಿಯಲ್ಲಿ ಘಾಟು ಇಳಿದು ಇದೇ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡದ ಎರೆ ಹೊಲದಲ್ಲಿ, ಪೇಟೆಯಲ್ಲಿ ಹೆಸರು ಮಾತ್ರ "ಕುಮಟಾ ಹತ್ತಿ". ಮಂಗಳೂರು ಹಂಚಿನದ್ದು ಇದರ ಉಲ್ಟಾ ಕಥೆ. ಇವತ್ತು ಕೇರಳದಲ್ಲಿ ಮಾಡಿದರೂ, ಗುಜರಾತಿನ ಮೋರ್ಬಿಯಲ್ಲಿ ಮಾಡಿದರೂ ಅದು ಮಂಗಳೂರು ಹಂಚೇ. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಆಕಾರಕ್ಕೇ ಆ ಹೆಸರು ಬಿದ್ದಿದೆ. ಹುಬ್ಬಳ್ಳಿಯ ಅಂಗಡಿಯವರು ಪೂರ್ತಿ ಸುಳ್ಳು ಹೇಳಿರಲಿಲ್ಲ ಅಂತ ಆಗ ಹೊಳೆಯಿತು. ಆದರೂ ಶಾವಿಗೆ ಹಾಳಾದದ್ದು ಹಾಳಾದದ್ದೇ.

ಬೆಳಿಗ್ಗೆ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಸ್ಟೇಟ್‌ಬ್ಯಾಂಕಿಗೆ ಸಿಟಿ ಬಸ್ಸು. ಸ್ಟೇಟ್‌ಬ್ಯಾಂಕ್ ಅಂದರೆ ಅಲ್ಲಿ ಬಸ್ ಸ್ಟ್ಯಾಂಡು. ಕಂಡಕ್ಟರ್ ಸೀಟಿ ಊದಿ "ರೈಟ್ ಪೋಯಿ" ಅಂದರೆ ಬಸ್ಸು ಹಾರುತ್ತದೆ, ನೀವು ಕಂಬ ಹಿಡಿದಿದ್ದೀರೋ ಇಲ್ಲವೋ ಅದು ನಿಮ್ಮ ಕೆಲಸ. ಜೆಪ್ಪು, ಬೋಳಾರ, ಹೊಯ್ಗೆ ಬಜಾರ್ ಕಡೆ ಹೋದರೆ ಹಂಚಿನ ಸುಳಿವು ಸಿಗುತ್ತದೆ ಅಂತ ನಮ್ಮ ವರ್ಕ್‌ಶಾಪಿನ ಮಂಗಳೂರಿನ ಗೆಳೆಯ ಹೇಳಿದ್ದ. ನೇತ್ರಾವತಿ ದಂಡೆ ಅದು. ದಂಡೆಯ ಆವೆಮಣ್ಣು, ಸುಡಲು ಹತ್ತಿರದ ಕಾಡಿನ ಸೌದೆ, ಮಾಡಿದ ಮಾಲು ಸಾಗಿಸಲು ಬಾಗಿಲಲ್ಲೇ ನೀರು. ಹಂಚಿನ ಕಾರ್ಖಾನೆಗೆ ಇನ್ನೇನು ಬೇಕು? ಜರ್ಮನಿಯಿಂದ ಬಂದ ಪ್ಲೆಬ್ಸ್ಟ್ ಅನ್ನುವ ಮಿಷನ್ನಿನ ಮನುಷ್ಯ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಶುರು ಮಾಡಿದ್ದು ಇದೇ ಲೆಕ್ಕದ ಮೇಲೆ. ಆಮೇಲೆ ಊರಿನವರೇ ಒಬ್ಬೊಬ್ಬರಾಗಿ ಕಾರ್ಖಾನೆ ಹಾಕಿದರು. ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಅಂದರೆ ಮೊದಲ 42 ವರ್ಷ ಎಲ್ಲ ಹಂಚೂ ನೀರ ಮೇಲೆ, ಇಲ್ಲವೇ ಗಾಡಿಯ ಮೇಲೆ. ನಮ್ಮ ಹುಬ್ಬಳ್ಳಿ ವರ್ಕ್‌ಶಾಪು ಶುರುವಾಗಿದ್ದು 1885ರಲ್ಲಿ. ರೈಲಿನ ವಿಷಯದಲ್ಲಾದರೂ ನಾವು ಮುಂದಿದ್ದೆವು ಅಂತ ಸುಮ್ನೆ ಒಂದು ಖುಷಿ.

ಈಗ ಆ ದಂಡೆಯಲ್ಲಿ ನಡೆದರೆ ಅಲ್ಲೊಂದು ಇಲ್ಲೊಂದು ಚಿಮಣಿ ಕಾಣುತ್ತದೆ. ಎಷ್ಟೋ ಕಾರ್ಖಾನೆ ಮುಚ್ಚಿವೆ. ಕೆಲವು ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಅವುಗಳ ಮೇಲೆ ಒಂದು ಹಂಚೂ ಇಲ್ಲ, ಎಲ್ಲ ಕಾಂಕ್ರೀಟು.

ನಾನು ಹೋದ ಹಳೇ ಹಂಚಿನ ಯಾರ್ಡು ಒಂದು ಗಲ್ಲಿಯ ಕೊನೆಗಿತ್ತು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಬ್ಬಿಣದ ಸರಳು, ಹಂಚಿನ ಸಾಲು ಸಾಲು. ಹಂಚನ್ನು ಅಡ್ಡ ಮಲಗಿಸಿರಲಿಲ್ಲ, ಪುಸ್ತಕದ ಹಾಗೆ ನಿಲ್ಲಿಸಿದ್ದರು. ಇದು ಒಳ್ಳೆಯ ಲಕ್ಷಣ. ಒಂದರ ಮೇಲೊಂದು ಪೇರಿಸಿಟ್ಟರೆ ಕೆಳಗಿನದ್ದಕ್ಕೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. "ಎಂತ ಬೇಕಿತ್ತು?" ಅಂದರು ಮಾಲೀಕರು. ಹೇಳಿದೆ. "ಉಂಟು. ಆದ್ರೆ ಎಲ್ಲ ಒಂದೇ ಕಂಪನಿದ್ದು ಬೇಕಾದ್ರೆ ಸ್ವಲ್ಪ ಹುಡುಕಬೇಕು" ಅಂದರು. ಈ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಅದರ ಬೆಲೆ ಕೊಟ್ಟೆ.

ಹಂಚು ಪರೀಕ್ಷೆ ಮಾಡುವುದು ನನಗೆ ಹೊಸದೇನಲ್ಲ ಅಂತ ಅಲ್ಲಿ ಗೊತ್ತಾಯಿತು. ರೈಲಿನ ಗಾಲಿಗೆ ಸುತ್ತಿಗೆಯಿಂದ ಬಡಿದು ನಾದ ಕೇಳುವುದನ್ನು ನಮ್ಮ ಹಿರಿಯರು ಕಲಿಸಿದ್ದರು. ಗಟ್ಟಿ ಗಾಲಿ ಹಾಡುತ್ತದೆ, ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಈಗ ಅದಕ್ಕೆಲ್ಲ ಯಂತ್ರ ಬಂದಿದೆ. ಆದರೆ ಹಂಚಿಗೆ ಇನ್ನೂ ಬೆರಳ ಗೆಣ್ಣೇ ಯಂತ್ರ. ಎಡಗೈಯಲ್ಲಿ ತುದಿ ಹಿಡಿದು ತೂಗಾಡಿಸಿ, ಬಲಗೈ ಗೆಣ್ಣಿನಿಂದ ನಡುವೆ ಹೊಡೆಯಬೇಕು. ಚೆನ್ನಾಗಿ ಬೆಂದದ್ದು "ಠಣ್" ಅನ್ನುತ್ತದೆ, ಆ ಸದ್ದು ಒಂದು ಕ್ಷಣ ನಿಲ್ಲುತ್ತದೆ. ಅರೆಬೆಂದದ್ದು "ಧಪ್". ನಾನು ಒಂದೊಂದೇ ಹೊಡೆದು ನೋಡುತ್ತಿದ್ದೆ. ನೂರರ ಹತ್ತಿರ ಬಂದಾಗ ಗೆಣ್ಣು ಕೆಂಪಾಗಿತ್ತು.

ಆಗ ಅಲ್ಲಿ ಕೂತಿದ್ದ ಒಬ್ಬ ಅಜ್ಜ ನಗುತ್ತ ಹತ್ತಿರ ಬಂದರು. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರಂತೆ. "ಅಷ್ಟು ಬಡೀಬೇಡಿ ಮಾರಾಯ್ರೆ, ಕೈ ಹೋದೀತು. ಇಲ್ಲಿ ನೋಡಿ" ಅಂತ ಒಂದು ಒಡೆದ ಚೂರು ಕೊಟ್ಟರು. ಒಡೆದ ಅಂಚಿನಲ್ಲಿ ಒಳಗಿನ ಬಣ್ಣ ಹೊರಗಿನದ್ದೇ ಆಗಿರಬೇಕು, ನಡುವೆ ಕಪ್ಪು ಗೆರೆ ಇದ್ದರೆ ಬೆಂಕಿ ಒಳಗೆ ಮುಟ್ಟಿಲ್ಲ ಅಂತ ಲೆಕ್ಕ. ಒಂದು ಲಾಟಿನಲ್ಲಿ ಒಂದು ಚೂರು ನೋಡಿದರೆ ಸಾಕಂತೆ. ಆಮೇಲೆ ತಾವಾಗಿಯೇ ಕಾರ್ಖಾನೆಯ ಕಥೆ ತೆಗೆದರು. ಮಣ್ಣು ದೋಣಿಯಲ್ಲಿ ಬರುತ್ತಿತ್ತು. ಅರೆದು, ಹದ ಮಾಡಿ, ಹಲಗೆಯ ಹಾಗೆ ಕೊಯ್ದು, ಪ್ರೆಸ್ಸಿನಲ್ಲಿ ಒತ್ತಿದರೆ ಒಂದು ಹಂಚು. ಒತ್ತಿದ ಹಸಿ ಹಂಚಿನ ಅಂಚನ್ನು ಬೆರಳಿನಿಂದ ಸವರಿ, ತಲೆ ಮೇಲೆ ಹೊತ್ತು ಅಟ್ಟಣಿಗೆಗೆ ಏರಿಸುತ್ತಿದ್ದವರು ಹೆಂಗಸರು. ನೆರಳಲ್ಲಿ ಒಣಗಬೇಕು, ಬಿಸಿಲಿಗಿಟ್ಟರೆ ಸೊಟ್ಟ. ಆಮೇಲೆ ಗೂಡಿನ ಬೆಂಕಿ. "ಯಾಕೆ ಮುಚ್ಚಿತು?" ಅಂದೆ. "ಮಣ್ಣು ತೆಗೀಲಿಕ್ಕೆ ಬಿಡುದಿಲ್ಲ, ಸೌದೆಗೆ ದುಡ್ಡು, ಜನಕ್ಕೆ ಸಂಬಳ. ಹಂಚು ಯಾರಿಗೆ ಬೇಕು? ಎಲ್ಲರಿಗೂ ಸ್ಲ್ಯಾಬು" ಅಂದರು. ಬೇಜಾರಿನ ದನಿ ಏನೂ ಇರಲಿಲ್ಲ, ಮಳೆ ನಿಂತಿತು ಅನ್ನುವ ಹಾಗೆ ಹೇಳಿದರು.

ನಾನು ಜಂಬದಿಂದ ಫೋನಿನಲ್ಲಿದ್ದ ನಮ್ಮ ಮನೆಯ ಹಂಚಿನ ಫೋಟೋ ತೋರಿಸಿದೆ. 1865 ನೋಡಿ ಅಂದೆ. ಅಜ್ಜ ಒಂದು ಸಲ ನೋಡಿ, "ಅದು ಕಾರ್ಖಾನೆ ಸುರು ಆದ ವರ್ಷ. ಹಂಚು ಯಾವಾಗ ಮಾಡಿದ್ದು ಅಂತ ಅದ್ರಲ್ಲಿ ಇಲ್ಲ" ಅಂದರು. ಓಣಿಯ ಮುಂದೆ ನಲವತ್ತು ವರ್ಷ ಮೆರೆದದ್ದು ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ಬಿಡಲಿಲ್ಲ ಅವರು. "ಮನೆ ಕಟ್ಟಿದ್ದು ಯಾವಾಗ?" 1938 ಅಂದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಶತ್ರು ದೇಶವಾಯಿತಲ್ಲ, ಆಗ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡಿತು. ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋದವು, ಅಚ್ಚಿನ ಹೆಸರೂ ಬದಲಾಯಿತು. "ಮಿಷನ್ ಹೆಸರಿನ ಹಂಚು ಯುದ್ಧಕ್ಕಿಂತ ಮೊದಲಿಂದು. ನಿಮ್ಮಜ್ಜ ಸೆಕೆಂಡ್ ಹ್ಯಾಂಡ್ ತಗೊಂಡಿರ್ಬೇಕು." ಅಜ್ಜನ ಲೆಕ್ಕ ಸರಿ ಇದ್ದರೆ ನಮ್ಮಜ್ಜನೂ ಹೀಗೇ ಯಾವುದೋ ಯಾರ್ಡಿನಲ್ಲಿ ನಿಂತು ಗೆಣ್ಣು ಕೆಂಪು ಮಾಡಿಕೊಂಡಿದ್ದಾನೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಅಂವ ಜಿಪುಣ ಇದ್ದ, ಖರೇ ಇರಬೇಕು" ಅಂದಳು.

ಲಾರಿ ಸಿಗುವುದು ಸಂಜೆಗೆ ಅಂದರು. ಇಡೀ ಮಧ್ಯಾಹ್ನ ಕೈಯಲ್ಲಿತ್ತು. ಬಂಗುಡೆ ಹುರಿದದ್ದು ಜೊತೆಗೆ ಊಟ ಮಾಡಿ (ಮನೆಯಲ್ಲಿ ಹೇಳಿಲ್ಲ), ಹಳೇ ಬಂದರಿನ ಕಡೆ ನಡೆದೆ. ನದಿ ಬಾಯಲ್ಲಿ ಮರಳು ತುಂಬುವುದರಿಂದ ದೊಡ್ಡ ಹಡಗು ಅಲ್ಲಿಗೆ ಬರಲಾರದು. ಹಿಂದೆ ಹಡಗು ದೂರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ಮಾಲು ಏರಿಸಿ ಇಳಿಸುತ್ತಿದ್ದರು. ಈಗಲೂ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು (ಸರಕು ಸಾಗಿಸುವ ದೊಡ್ಡ ದೋಣಿಗಳು) ಅಲ್ಲಿ ನಿಲ್ಲುತ್ತವೆ.

ಹೊಸ ಬಂದರು ನೋಡಲು ಪಣಂಬೂರಿನ ಬಸ್ಸು ಹತ್ತಿದೆ. ಕೂಳೂರು ಸೇತುವೆ ದಾಟಿದ ಕೂಡಲೇ ಊರಿನ ಮುಖ ಬದಲಾಗುತ್ತದೆ. ಹಂಚಿನ ಮಂಗಳೂರು ಮುಗಿದು ಪೈಪಿನ ಮಂಗಳೂರು ಶುರು. ರಸ್ತೆಯ ಪಕ್ಕದಲ್ಲೇ 1976ರಿಂದ ನಡೆಯುತ್ತಿರುವ ಗೊಬ್ಬರದ ಕಾರ್ಖಾನೆ. ನಮ್ಮ ಕಡೆ ಹೊಲಕ್ಕೆ ಹಾಕುತ್ತಿದ್ದ ಮಂಗಳಾ ಯೂರಿಯಾ ಚೀಲದ ಮೂಲ ಇದೇ. ಬಂದರಿಗೆ ಸಮುದ್ರದಂಚಿನ ನೆಲವನ್ನೇ ಅಗೆದು ನೀರನ್ನು ಒಳಗೆ ಕರೆದುಕೊಂಡು ಬಂದಿದ್ದಾರೆ. 1974ರಲ್ಲಿ ದೇಶದ ಒಂಬತ್ತನೇ ದೊಡ್ಡ ಬಂದರು ಅಂತ ಘೋಷಣೆ ಆಯಿತು. ಅದು ಆದ ಮೇಲೆ ಒಂದರ ಹಿಂದೊಂದು ಬಂದವು. ಕುದುರೆಮುಖದ ಬೆಟ್ಟದಲ್ಲಿ ಕಬ್ಬಿಣದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಇಲ್ಲಿಗೆ ಹರಿಸುತ್ತಿದ್ದರು. ಘಾಟಿನ ಇಳಿಜಾರೇ ಇಂಜಿನ್ನು! ಕಬ್ಬಿಣದ ಕೆಲಸದವನಿಗೆ ಇದು ದೇವಸ್ಥಾನ ನೋಡಿದಷ್ಟೇ ದೊಡ್ಡದು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಆ ಗಣಿ ನಿಂತಿತು. ಕಾಡಿಗೆ, ಹೊಳೆಗೆ ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ, ಆದರೂ ಪೈಪು ನೋಡುವ ಆಸೆ ಉಳಿಯಿತು. ಇನ್ನೂ ಮುಂದೆ 1996ರಲ್ಲಿ ಶುರುವಾದ ತೈಲ ಶುದ್ಧೀಕರಣ ಘಟಕ. ವರ್ಷಕ್ಕೆ 30 ಲಕ್ಷ ಟನ್ನಿನಿಂದ ಶುರುವಾಗಿ ಈಗ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸೋಸುವಷ್ಟು ಬೆಳೆದಿದೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಆ ಚಿಮಣಿಯ ಬೆಂಕಿ ತೋರಿಸಿ, "ನಮ್ಮ ಗದ್ದೆ ಅಲ್ಲಿ ಇತ್ತು" ಅಂದರು. ಮಗನಿಗೆ ಒಳಗೆ ಕೆಲಸ ಸಿಕ್ಕಿದೆಯಂತೆ. ಬಾವಿ ನೀರಿನ ಮಾತು ತೆಗೆದರು, ಅಷ್ಟರಲ್ಲಿ ಅವರ ಸ್ಟಾಪು ಬಂತು.

ಈಗ ದುಡ್ಡಿನ ಲೆಕ್ಕ. ಹಳೇ ಹಂಚು ಒಂದಕ್ಕೆ 19 ರೂಪಾಯಿಯಂತೆ 700, ಅಂದರೆ 13,300. ನೆತ್ತಿಗೆ ಹಾಕುವ ಹಂಚು 30, ಅದಕ್ಕೆ 1,800. ಬೆಳಕಿಂಡಿಗೆ ಗಾಜಿನ ಹಂಚು ನಾಲ್ಕು, 1,000. ಹಮಾಲಿ 1,200. ಹುಬ್ಬಳ್ಳಿ ಎಪಿಎಂಸಿಯಿಂದ ಉಳ್ಳಾಗಡ್ಡಿ ಹೊತ್ತು ಬಂದ ಲಾರಿ ಖಾಲಿ ವಾಪಸ್ ಹೋಗುತ್ತಿತ್ತು, ಅದಕ್ಕೆ 5,500. ಒಟ್ಟು 22,800. ಹುಬ್ಬಳ್ಳಿಯಲ್ಲಿ ನಾನು ಕೊಂಡಿದ್ದ ಬಣ್ಣದ ಹಂಚು ಒಂದಕ್ಕೆ 42 ಇತ್ತು, ಹಾಗಾಗಿ ನಷ್ಟವೇನಿಲ್ಲ. ಯಾರ್ಡಿನವರು ಬೈಹುಲ್ಲು ಹಾಸಿ, ಹಂಚು ನಿಲ್ಲಿಸಿ, ಸಂದಿಗೆಲ್ಲ ಹುಲ್ಲು ತುರುಕಿ ಲೋಡ್ ಮಾಡಿದರು. ಈ ಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಘಾಟಿನ ಕುಲುಕಾಟ ಕಳೆದು ಬಂದ ಮೇಲೆ ಒಡೆದದ್ದು 31 ಮಾತ್ರ.

ಅಂಕ ಕಳೆಯುವುದು ಇಲ್ಲಿಂದ. ಮಾಡು ಏರಿದ ನಮ್ಮ ಗೌಂಡಿ ಅರ್ಧ ಗಂಟೆಯಲ್ಲೇ ಕೆಳಗೆ ಕೂಗಿದ, "ಸಾಹೇಬ್ರ, ಇವು ಕೂಡಂಗಿಲ್ರೀ." ಹಂಚಿನ ಹಿಂದೆ ರೀಪಿಗೆ ಸಿಕ್ಕಿಕೊಳ್ಳುವ ಎರಡು ಗುಬುಟು ಇರುತ್ತವಲ್ಲ, ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಅವುಗಳ ಜಾಗ ಕೂದಲೆಳೆ ಬೇರೆ. ಬದಿಯ ಕಾಲುವೆಯ ಅಗಲವೂ ಬೇರೆ. ನನ್ನ ಲಾಟಿನಲ್ಲಿ 56 ಹಂಚು ಬೇರೆ ಕಂಪನಿಯವು ಸೇರಿದ್ದವು. ಎಣಿಸಿದ್ದು ನಾನೇ, ಬಡಿದು ನೋಡಿದ್ದು ನಾನೇ, ಬೆನ್ನ ಅಚ್ಚು ನೋಡುವುದನ್ನು ಮಾತ್ರ ಕೊನೆಯ ನೂರರಲ್ಲಿ ಬಿಟ್ಟಿದ್ದೆ. ಸಂಜೆಯಾಗಿತ್ತು, ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಫೋನ್ ಮಾಡಿದರೆ ಮಾಲೀಕರು ತಪ್ಪು ಒಪ್ಪಿಕೊಂಡರು, "ಬನ್ನಿ, ಬದಲಿ ಕೊಡುವ" ಅಂದರು. 56 ಹಂಚಿಗೆ ಯಾರು ಮತ್ತೆ ಘಾಟು ಇಳಿಯುತ್ತಾರೆ? ದುಡ್ಡು ವಾಪಸ್ ಕೇಳಿದೆ, ಮಾತು ಹವಾಮಾನದ ಕಡೆ ತಿರುಗಿತು. ಗೌಂಡಿ ನನಗೆ ಹೇಳದೆ ಅದರಲ್ಲಿ ಎಂಟು ಹಂಚನ್ನು ಒತ್ತಿ ಕೂರಿಸಿಬಿಟ್ಟಿದ್ದ. ಜುಲೈನಲ್ಲಿ ಸರಿಯಾಗಿ ಆ ಜಾಗದಲ್ಲೇ ಸೋರಿತು, ಅದೂ ಮಿಕ್ಸರ್ ಇಡುವ ಕಟ್ಟೆಯ ಮೇಲೆ. ಆ ಎಂಟನ್ನು ಕಿತ್ತು ಸರಿಯಾದವನ್ನು ಹಾಕಿದ ಮೇಲೆ ಮಳೆಗಾಲ ಮುಗಿಯುವವರೆಗೂ ಒಂದು ಹನಿ ಇಲ್ಲ. ಬಣ್ಣವಂತೂ ಇಲ್ಲವೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಹಿಂದಿನ ಕೋಣೆ ಮುಂದಿನ ಸ್ಲ್ಯಾಬಿನ ಕೋಣೆಗಿಂತ ತಂಪಾಗಿತ್ತು, ಅವ್ವ ಮಂಚವನ್ನೇ ಅಲ್ಲಿಗೆ ಎಳೆಸಿದಳು.

ಹಂಚಿಗೆ ಐದಕ್ಕೆ ಐದು. ಯಾರ್ಡಿಗೆ ಮೂರೂವರೆ. ನೂರು ಚದರ ಅಡಿಗೆ ಸುಮಾರು 140 ಹಂಚು ಹಿಡಿಯುತ್ತದೆ, ಅದರ ಮೇಲೆ ಹತ್ತು ಪರ್ಸೆಂಟ್ ಜಾಸ್ತಿ ತನ್ನಿ. ನಿಮ್ಮ ಮನೆಯ ಒಂದು ಹಳೇ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೊಳ್ಳುವ ಹಂಚನ್ನು ಅದಕ್ಕೆ ಕಚ್ಚಿಸಿ ನೋಡಿ. ಫೋಟೋ ಸಾಲದು. ಬಸ್ಸಿನಲ್ಲಿ ಜನ ನಗುತ್ತಾರೆ, ನಗಲಿ. ಮನೆಯ ಹತ್ತಿರ ಒಂದೇ ದಿನದಲ್ಲಿ ಕೆಲಸ ಮುಗಿಯಬೇಕು ಅನ್ನುವವರಿಗೆ ಈ ದಾರಿ ಬೇಡ.

590 ಹಂಚು ಮಾಡಿಗೆ ಹತ್ತಿತು, 23 ಉಳಿಯಿತು. ಜೋಡಿಯಾಗದ 56ರಲ್ಲಿ ಅರ್ಧ ಪಕ್ಕದ ಮನೆಯವರು ಕೋಳಿ ಗೂಡಿಗೆ ಒಯ್ದರು. ಬಣ್ಣದ ಹಂಚನ್ನು ಅವ್ವ ಹಿತ್ತಲಲ್ಲಿ ಕೊತ್ತಂಬರಿ ಮಡಿಯ ಸುತ್ತ ನೆಟ್ಟಿದ್ದಾಳೆ, ಕೆಂಪೆಲ್ಲ ಹೋಗಿ ಈಗ ಬೂದಿ ಬಣ್ಣಕ್ಕೆ ತಿರುಗಿವೆ. ಮೊನ್ನೆ ದಸರೆಯ ಹೊತ್ತಿಗೆ ಮಂಗ್ಯಾಗಳು ಮಾಡಿನ ಮೇಲೆ ಒಂದು ಸುತ್ತು ಹಾಕಿದವು. ಈಗ ಉಳಿದಿರುವುದು 21.